ಮಾರಲಾಗದ ಗೆಲುವು

ಕಣದಲ್ಲಿ ಗೆದ್ದವನಿಗೆ ಸನ್ಮಾನ, ಸೋತವನಿಗೆ ಅಪಮಾನ, ಇದು ಲೋಕರೂಢಿ. ಗೆದ್ದ ಅಪರಾಧಕ್ಕಾಗಿಯೇ ದಂಡನೆಗೊಳಗಾದ ಮುಷ್ಟಿಮಲ್ಲನೊಬ್ಬನ ಕಥೆಯನ್ನು ಅಮೆರಿಕದ ಆರ್.ಕೆ.ಓ. ಸಂಸ್ಥೆಯವರು 1949ರಲ್ಲಿ ‘ದಿ ಸೆಟ್-ಅಪ್’ ಎಂಬ ವಾಕ್ಚಿತ್ರವಾಗಿ ತೆರೆಗೆ ತಂದರು. ಸೋಲುಗೆಲವುಗಳನ್ನು ಮೊದಲೇ ಗೊತ್ತುಮಾಡಿಕೊಂಡ ಪಂದ್ಯವೆಂದು ಆ ಹೆಸರಿನ ಅರ್ಥ. ನಿರ್ದೇಶಕರು ರಾಬರ್ಟ್ ವೈಸ್.

ಕಥಾನಾಯಕನಾದ ಸ್ಟೋಕರ್ ಥಾಂಪ್ಸನ್ನನಿಗೆ ವಯಸ್ಸು 35. ಮುಷ್ಟಿಯುದ್ಧದ ವೃತ್ತಿಯಲ್ಲಿ ಅದು ಮುಪ್ಪೇ ಸರಿ. ಸೋತು ಸೋತು ದಣಿದಿದ್ದರೂ, ಇನ್ನೊಂದೇ ಗುದ್ದಿಗೆ ಅದೃಷ್ಟ ತೆರೆದೀತೆಂಬ ಆಸೆ ಅವನಲ್ಲಿ ಬತ್ತಿಲ್ಲ. ಅವನ ವ್ಯವಸ್ಥಾಪಕನಾದರೋ, ಜೂಜುಗಾರರಿಂದ 50 ಡಾಲರು ಪಡೆದು ಅವನ ಸೋಲನ್ನು ಮಾರಿಬಿಟ್ಟಿದ್ದಾನೆ. ಆ ಸಂಗತಿಯನ್ನು ಅವನಿಗೆ ತಿಳಿಸಿಯೂ ಇಲ್ಲ. ಹೇಗೂ ಸೋಲುವವನಿಗೆ ಪಾಲೇಕೆ ಕೊಡಬೇಕು?

ಚಿತ್ರದ ಅವಧಿ ಸುಮಾರು 72 ನಿಮಿಷ. ಕಥೆ ನಡೆಯುವ ಕಾಲವೂ ಅಷ್ಟೇ. ಬೀದಿಯ ಗಡಿಯಾರ ಅದಕ್ಕೆ ಸಾಕ್ಷಿ. ಪತಿಯ ಪೆಟ್ಟುಗಳನ್ನು ಕಣ್ಣಾರೆ ಕಾಣಲಾರದ ಜೂಲಿ, ಟಿಕೇಟನ್ನು ಹಿಡಿದು ಬೀದಿಬೀದಿ ಅಲೆದು, ಕಡೆಗೆ ಅದನ್ನು ಹರಿದು ಸೇತುವೆಯ ಮೇಲಿಂದ ತೂರಿಬಿಡುತ್ತಾಳೆ. ಒಳಗೆ ಪ್ರೇಕ್ಷಕರು ರಕ್ತಕ್ಕಾಗಿ ಕೂಗುತ್ತಾರೆ. ಅವರಲ್ಲೊಬ್ಬ ಕುರುಡ, ಪಕ್ಕದವನ ಬಾಯಿಂದ ಪಂದ್ಯವನ್ನು ಕೇಳುತ್ತ ಅವನೂ ಹೊಡೆತಕ್ಕೆ ಹುರಿದುಂಬಿಸುವುದನ್ನು ಕಂಡರೆ ಮೈ ನಡುಗುತ್ತದೆ.

ನಾಲ್ಕನೆಯ, ಕಡೆಯ ಸುತ್ತಿಗೆ ಮುನ್ನ ಸ್ಟೋಕರನಿಗೆ ಗುಟ್ಟು ತಿಳಿಯುತ್ತದೆ. ಸೋತರೆ ಪ್ರಾಣಕ್ಕೆ ಕ್ಷೇಮ, ಗೆದ್ದರೆ ಆಪತ್ತು. ಅವನು ಗೆಲ್ಲುತ್ತಾನೆ. ವ್ಯವಸ್ಥಾಪಕ ಓಡಿಹೋಗುತ್ತಾನೆ. ಕತ್ತಲೆಯ ಓಣಿಯಲ್ಲಿ ದುಷ್ಟರು ಅವನ ಕೈಯನ್ನು ಜಜ್ಜಿಹಾಕುತ್ತಾರೆ. ಇನ್ನವನು ಕಣಕ್ಕಿಳಿಯಲಾರ. ಓಡಿಬಂದ ಹೆಂಡತಿಗೆ ಅವನು ಹೇಳುವುದು ತಾನು ಗೆದ್ದೆನೆಂದೇ; ಇಬ್ಬರೂ ಗೆದ್ದೆವೆಂಬುದು ಅವಳ ಉತ್ತರ.

ಸ್ಟೋಕರನ ಪಾತ್ರಧಾರಿ ರಾಬರ್ಟ್ ರಯಾನ್ ಕಾಲೇಜಿನಲ್ಲಿ ಮುಷ್ಟಿಯುದ್ಧದ ವಿಜೇತರಾಗಿದ್ದವರು. ಆದುದರಿಂದ ಅವರ ಪೆಟ್ಟಿನಲ್ಲಿ ನಟನೆಯ ಸೋಗಿಲ್ಲ. ಮಿಲ್ಟನ್ ಕ್ರಾಸ್ನರ್ ಅವರ ಛಾಯಾಗ್ರಹಣಕ್ಕೆ 1949ರ ಕಾನ್ ಉತ್ಸವದಲ್ಲಿ ಪಾರಿತೋಷಕ ದೊರೆಯಿತು. ಒಂದು ಕೊರತೆಯನ್ನೂ ಹೇಳಬೇಕು: ಜೋಸೆಫ್ ಮಾಂಕ್ಯೂರ್ ಮಾರ್ಚರ 1928ರ ಮೂಲ ಕಥನಕಾವ್ಯದ ನಾಯಕ ನೀಗ್ರೋ ಜನಾಂಗದವನು, ಚಿತ್ರದಲ್ಲಿ ಅವನನ್ನು ಬಿಳಿಯನನ್ನಾಗಿ ಮಾಡಿದರು. ಅನ್ಯಾಯದ ಒಂದು ಮುಖ ಹೀಗೆ ಮರೆಯಾಯಿತು.

ದುಡಿಯುವವನ ಬೆವರನ್ನು ಅವನಿಗೇ ತಿಳಿಯದಂತೆ ಮಾರುವ ದಲ್ಲಾಳಿಗಳು ಮುಷ್ಟಿಕಣದಲ್ಲಿ ಮಾತ್ರವೇ ಇರುವರೆ? ಸ್ಟೋಕರ್ ಕೈಯನ್ನು ಕಳೆದುಕೊಂಡ. ಮಾನವನ್ನು ಉಳಿಸಿಕೊಂಡ. ಆ ಗೆಲುವಿನ ಬೆಲೆಯನ್ನು ಅರಿತವಳು ಅವನ ಮಡದಿಯೊಬ್ಬಳೇ.