ದಮ್ಮಿನ ಮಾತ್ರೆಯೊಳಗಿನ ಚಹಾ ಎಲೆ

ಹೌರಾದ ಶಿಬಪುರದಲ್ಲಿ, ಹೂಗ್ಲಿ ನದಿಯ ಪಡುದಡದಲ್ಲಿ, 1787ರಲ್ಲಿ ಶುರುವಾದ ಸಸ್ಯೋದ್ಯಾನವೊಂದಿದೆ. ಹೋದವರೆಲ್ಲ ಅಲ್ಲಿನ ಮಹಾ ಆಲದ ಬಿಳಲುಗಳ ನಡುವೆ ನಿಂತು, ಬೆರಗಾಗಿ ಹಿಂದಿರುಗುತ್ತಾರೆ. ಅದೇ ತೋಟದಲ್ಲಿ 1835ರ ಹೊತ್ತಿಗೆ ಚೀನಾದಿಂದ ತರಿಸಿದ ಚಹಾ ಬೀಜಗಳು ಮೊಳೆತವು. ಸಸಿಗಳು ಅಸ್ಸಾಮಿಗೆ, ಕುಮಾವೂಂ ಬೆಟ್ಟಗಳಿಗೆ ಹೋದವು. ಒಂದಷ್ಟು ದಕ್ಷಿಣಕ್ಕೂ, ನೀಲಗಿರಿ, ಕೊಡಗು, ಮೈಸೂರು ಸೀಮೆಗೂ ಬಂದವು. ಐವತ್ತಮೂರು ವರ್ಷಗಳ ನಂತರ, 1888ರಲ್ಲಿ, ಜರ್ಮನಿಯ ಆಲ್ಬ್ರೆಕ್ಟ್ ಕೊಸೆಲ್ ಚಹಾ ಎಲೆಯ ಸಾರದಲ್ಲಿ ಒಂದು ಹೊಸ ವಸ್ತುವನ್ನು ಕಂಡುಹಿಡಿದ. ಅದಕ್ಕೆ ಥಿಯೋಫಿಲಿನ್ ಎಂಬ ಹೆಸರಾಯಿತು. ‘ಥಿಯೋ’ ಬಂದದ್ದು ಚಹಾದಿಂದ. ‘ಫಿಲಿನ್’ ಎಂಬುದರ ಬೇರು ಗ್ರೀಕ್ ಭಾಷೆಯಲ್ಲಿ ಎಲೆ ಎಂಬ ಪದ. ನಮ್ಮಲ್ಲಿ ‘ದಮ್ಮಿನ ಮಾತ್ರೆ’ ಎಂದು ಕರೆಯುವ, ಬಂಗಾಳಿಯವರು ‘ಹಾಂಪಾನಿ’ಗೆ ನುಂಗುವ ಮಾತ್ರೆಗಳಲ್ಲಿ ಬಹುಪಾಲು ಈ ಎಲೆಯ ಸಂತತಿಯೇ.

ಈಗ ಅದನ್ನು ಎಲೆಯಿಂದ ತೆಗೆಯುವುದಿಲ್ಲ, ಕಾರ್ಖಾನೆಯಲ್ಲೇ ತಯಾರಿಸುತ್ತಾರೆ. ಆದರೂ ಕುಲ ನೆನಪಿಟ್ಟುಕೊಂಡರೆ ಉಪಯೋಗವಿದೆ. ಕಾಫಿಯ ಕೆಫೀನ್ ಇದರ ಖಾಸಾ ಅಣ್ಣತಮ್ಮ. 1859ರಲ್ಲಿ ಹೈಡ್ ಸಾಲ್ಟರ್ ಎಂಬ ಇಂಗ್ಲಿಷ್ ವೈದ್ಯ ಉಬ್ಬಸಕ್ಕೆ ಗಟ್ಟಿ ಕಪ್ಪು ಕಾಫಿ ಒಳ್ಳೆಯದೆಂದು ಬರೆದಿದ್ದ. ಕಾಫಿ ಜಾಸ್ತಿ ಕುಡಿದ ರಾತ್ರಿ ನಿದ್ದೆ ಬಾರದೆ, ಎದೆ ಡವಗುಟ್ಟುತ್ತ, ಕೈ ಸಣ್ಣಗೆ ನಡುಗುವುದನ್ನು ಮಲೆನಾಡಿನವರಿಗೆ ಹೇಳಿಕೊಡಬೇಕಿಲ್ಲ. ಥಿಯೋಫಿಲಿನ್ ಮಾತ್ರೆ ಹೆಚ್ಚಾದಾಗಲೂ ಹೀಗೇ ಆಗುತ್ತದೆ, ಇದಕ್ಕಿಂತ ಹಲವು ಪಟ್ಟು ಜೋರಾಗಿ.

ಶ್ವಾಸನಾಳಗಳ ಸುತ್ತ ತೆಳುವಾದ ಸ್ನಾಯುವಿನ ಪಟ್ಟಿಗಳಿವೆ. ಉಬ್ಬಸದಲ್ಲಿ ಅವು ಬಿಗಿದುಕೊಳ್ಳುತ್ತವೆ, ಒಳಪೊರೆ ಊದಿಕೊಳ್ಳುತ್ತದೆ, ಕಫ ಕಟ್ಟುತ್ತದೆ. ಥಿಯೋಫಿಲಿನ್ ಬಿಗಿದ ಪಟ್ಟಿಯನ್ನು ಸಡಿಲಿಸುತ್ತದೆ. ಆದರೆ ನುಂಗಿದ ಮಾತ್ರೆ ನೇರ ಶ್ವಾಸಕೋಶಕ್ಕೆ ಹೋಗುವುದಿಲ್ಲ. ಹೊಟ್ಟೆ, ಕರುಳು, ಯಕೃತ್ತು ದಾಟಿ, ರಕ್ತದಲ್ಲಿ ಬೆರೆತು, ಹೃದಯಕ್ಕೂ ಮೆದುಳಿಗೂ ತಲುಪುತ್ತದೆ. ಮಾತ್ರೆಯ ಅಪಾಯಗಳಿಗೆಲ್ಲ ಮೂಲ ಇದೊಂದೇ. ಆದ್ದರಿಂದಲೇ ಇದನ್ನು ಬರೆದುಕೊಡುವ ವೈದ್ಯರಿಗೆ ನಿಮ್ಮ ಎದೆಯ ಸಂಗತಿ ಮಾತ್ರ ಹೇಳಿದರೆ ಸಾಲದು.

ಇಷ್ಟು ಅಪಾಯವಿದ್ದರೂ ಜನ ಮಾತ್ರೆಯನ್ನೇ ಏಕೆ ಹಿಡಿಯುತ್ತಾರೆಂದು ವಿವರಿಸುವುದು ಹೌರಾದಲ್ಲಿ ಸುಲಭ. ನ್ಯೂಯಾರ್ಕಿನ ಬೀದಿಗಳ ಮ್ಯಾನ್‌ಹೋಲ್ ಮುಚ್ಚಳಗಳು ತಯಾರಾಗುವ ಎರಕದ ಕಾರ್ಖಾನೆಗಳು ಇಲ್ಲಿವೆ. ನಮ್ಮ ಬೆಳಗಾವಿಯ ಫೌಂಡ್ರಿಗಳ ಹಾಗೆಯೇ ಅಚ್ಚಿನ ಮರಳು, ಹೊಗೆ, ಕಾವು. ನದಿಯುದ್ದಕ್ಕೂ ಸೆಣಬಿನ ಗಿರಣಿಗಳು, ಅವುಗಳ ನಾರಿನ ದೂಳು. ಮೇಲಿಂದ ಚಳಿಗಾಲದ ಹೊಗೆಮಂಜು. ಕೆಲಸ ಮುಗಿಸಿ ಮಣ್ಣಿನ ಭಾಂಡದಲ್ಲಿ ಚಹಾ, ಜೊತೆಗೊಂದು ಬೀಡಿ. ಹೀಗೆ ಇಪ್ಪತ್ತು ಮೂವತ್ತು ವರ್ಷ ದುಡಿದ ಎದೆಗೆ ಮಾತ್ರೆಯೇ ಕೈಗೆಟಕುವ ಮದ್ದು. ಒಂದು ಪಟ್ಟಿಗೆ ಇನ್‌ಹೇಲರ್‌ನಷ್ಟು ದುಡ್ಡಿಲ್ಲ, ಸೇದುವ ಕ್ರಮ ಕಲಿಯಬೇಕಿಲ್ಲ, ನಾಲ್ಕು ಜನರೆದುರು ಬಾಯಿಗೆ ಏನನ್ನೋ ಹಿಡಿಯುವ ಸಂಕೋಚವೂ ಇಲ್ಲ. ಆ ಮನಸ್ಸನ್ನು ನಾನು ಹಗುರಾಗಿ ಕಾಣಲಾರೆ. ಆದರೆ ಒಂದು ಮಾತು: ಮರಳಿನ ದೂಳು ಶ್ವಾಸಕೋಶದಲ್ಲಿ ಮಾಡಿದ ಕಲೆಯನ್ನು ಯಾವ ಮಾತ್ರೆಯೂ ಅಳಿಸದು. ಬಿಗಿದ ನಾಳ ಸಡಿಲಿಸುವುದಷ್ಟೇ ಇದರ ಕೆಲಸ.

ಈಗ ಅಳತೆಗೆ ಬರೋಣ. ರಕ್ತದ ಪ್ರತಿ ಮಿಲಿಲೀಟರಿನಲ್ಲಿ 10ರಿಂದ 20 ಮೈಕ್ರೋಗ್ರಾಂ ಥಿಯೋಫಿಲಿನ್ ಇದ್ದರೆ ಔಷಧ ಎಂಬುದು ಹಳೆಯ ಲೆಕ್ಕ. ಈಗ ಇನ್ನೂ ಕಡಿಮೆಯಲ್ಲೇ ನಿಲ್ಲಿಸುವ ವೈದ್ಯರು ಬಹಳ. 20 ದಾಟಿದರೆ ವಾಕರಿಕೆ, ವಾಂತಿ, ತಲೆನೋವು, ನಡುಕ, ಎದೆಬಡಿತ. ಇನ್ನೂ ಮೇಲೆ ಹೋದರೆ ಹೃದಯದ ಲಯ ತಪ್ಪುತ್ತದೆ, ಫಿಟ್ಸ್ ಬರುತ್ತದೆ. ‘ವಾಂತಿಯಾದರೆ ನೋಡೋಣ’ ಎಂದು ಕಾಯುವಂತಿಲ್ಲ, ಏಕೆಂದರೆ ಕೆಲವರಿಗೆ ಯಾವ ಮುನ್ಸೂಚನೆಯೂ ಇಲ್ಲದೆ ಮೊದಲು ಬರುವುದೇ ಫಿಟ್ಸ್. ಮದ್ದಿಗೂ ವಿಷಕ್ಕೂ ನಡುವಿನ ಓಣಿ ಇಷ್ಟು ಕಿರಿದು. ಅದರ ಮೇಲೆ, ಒಂದೇ ಮಾತ್ರೆ ಒಬ್ಬರ ರಕ್ತದಲ್ಲಿ 8, ಇನ್ನೊಬ್ಬರಲ್ಲಿ 22 ತೋರಿಸಬಹುದು. ಪಕ್ಕದ ಮನೆಯವರಿಗೆ ಹಿಡಿಸಿದ ಮಾತ್ರೆ ನಿಮಗೂ ಹಿಡಿಸೀತೆಂಬ ಭರವಸೆ ಇದರಲ್ಲಿ ಇಲ್ಲವೇ ಇಲ್ಲ.

ಈ ವ್ಯತ್ಯಾಸಕ್ಕೆ ಕಾರಣ ಯಕೃತ್ತು. ಥಿಯೋಫಿಲಿನ್ನನ್ನು ಒಡೆದು ಹೊರಹಾಕುವುದು ಅಲ್ಲಿನ ಒಂದು ಕಿಣ್ವ. ಬೀಡಿ, ಸಿಗರೇಟಿನ ಹೊಗೆ ಆ ಕಿಣ್ವವನ್ನು ಚುರುಕುಗೊಳಿಸುತ್ತದೆ. ಸೇದದವರಲ್ಲಿ ಔಷಧ ಅರ್ಧಕ್ಕಿಳಿಯಲು ಸುಮಾರು 8 ಗಂಟೆ ಹಿಡಿದರೆ, ಸೇದುವವರಲ್ಲಿ ನಾಲ್ಕೈದು ಗಂಟೆಯೇ ಸಾಕು. ಹಾಗಾಗಿ ಸೇದುವವರಿಗೆ ವೈದ್ಯರು ಹೆಚ್ಚು ಪ್ರಮಾಣ ಬರೆದಿರುತ್ತಾರೆ. ಆ ಮನುಷ್ಯ ಒಂದು ದಿನ ಗಟ್ಟಿಮನಸ್ಸು ಮಾಡಿ ಬೀಡಿ ಬಿಡುತ್ತಾನೆ, ಅಥವಾ ಆಸ್ಪತ್ರೆಗೆ ಸೇರಿದ್ದರಿಂದ ಬೀಡಿ ತಾನಾಗಿ ತಪ್ಪುತ್ತದೆ. ಒಂದು ವಾರದೊಳಗೆ ಕಿಣ್ವ ಮಂದವಾಗುತ್ತದೆ, ಮಾತ್ರೆ ಮಾತ್ರ ಮೊದಲಿನಷ್ಟೇ. ರಕ್ತದಲ್ಲಿ ಔಷಧ ಏರುತ್ತ ಹೋಗುತ್ತದೆ. ಬೀಡಿ ಬಿಟ್ಟದ್ದಕ್ಕೇ ಮೈ ಕೆಟ್ಟಿತೆಂದು ಮನೆಯವರು ಅಂದುಕೊಂಡು, ಮತ್ತೆ ಬೀಡಿ ಹಚ್ಚಿದರೆ ಅದಕ್ಕಿಂತ ಅನ್ಯಾಯ ಬೇರೆ ಇಲ್ಲ. ಬಿಡಲೇಬೇಕು, ಬಿಡುವ ದಿನವೇ ವೈದ್ಯರಿಗೆ ತಿಳಿಸಿ ಮಾತ್ರೆಯ ಪ್ರಮಾಣ ಇಳಿಸಿಕೊಳ್ಳಬೇಕು. ಚುರುಕುಗೊಳಿಸುವುದು ನಿಕೋಟಿನ್ ಅಲ್ಲ, ಸುಟ್ಟ ಹೊಗೆ. ಆದ್ದರಿಂದ ನಿಕೋಟಿನ್ ಚೂಯಿಂಗ್ ಗಮ್ ಹಿಡಿದವರಿಗೂ ಇದೇ ಎಚ್ಚರ ಬೇಕು.

ಇನ್ನೊಂದು ಬಲೆ ಜ್ವರದ ಹೊತ್ತಿನದು. ಕೆಮ್ಮು, ಜ್ವರವೆಂದು ಅಂಗಡಿಯಲ್ಲೇ ಆ್ಯಂಟಿಬಯೋಟಿಕ್ ಕೇಳಿ ನುಂಗುವ ಅಭ್ಯಾಸ ಹೌರಾದಲ್ಲೂ ಇದೆ, ಹಾವೇರಿಯಲ್ಲೂ ಇದೆ. ಸಿಪ್ರೊಫ್ಲಾಕ್ಸಸಿನ್, ಎರಿಥ್ರೋಮೈಸಿನ್, ಕ್ಲಾರಿಥ್ರೋಮೈಸಿನ್ ಇವು ಥಿಯೋಫಿಲಿನ್ ಹೊರಹೋಗುವುದನ್ನು ತಡೆಯುತ್ತವೆ. ಹುಳಿತೇಗಿಗೆ ಕೊಡುವ ಸಿಮೆಟಿಡಿನ್, ಖಿನ್ನತೆಗೆ ಕೊಡುವ ಫ್ಲುವಾಕ್ಸಮಿನ್ ಕೂಡ. ವೈರಸ್ ಜ್ವರ ತಾನೇ ಯಕೃತ್ತಿನ ಕೆಲಸ ನಿಧಾನಿಸುತ್ತದೆ. ಹೃದಯ ದುರ್ಬಲವಾಗಿದ್ದರೆ, ಯಕೃತ್ತು ಕೆಟ್ಟಿದ್ದರೆ, ವಯಸ್ಸಾಗಿದ್ದರೆ ಹಾಗೆಯೇ. ತಿರುಗುಮುರುಗಾದದ್ದೂ ಉಂಟು: ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸಿಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಔಷಧವನ್ನು ಬೇಗ ಕರಗಿಸಿಬಿಡುತ್ತವೆ. ಕ್ಷಯದ ಆರು ತಿಂಗಳ ಮದ್ದು ಮುಗಿದ ದಿನಗಳಲ್ಲಿ ದಮ್ಮಿನ ಮಾತ್ರೆಯ ಲೆಕ್ಕವನ್ನು ಮತ್ತೆ ನೋಡಿಸುವುದು ಇದಕ್ಕಾಗಿ.

ಔಷಧದ ಪಟ್ಟಿ ತಿರುಗಿಸಿ ಸಣ್ಣ ಅಕ್ಷರದ ಹೆಸರನ್ನು ಓದಿ. ಬ್ರ್ಯಾಂಡ್ ಹೆಸರು ಏನೇ ಇರಲಿ, ಒಳಗಿನ ಔಷಧದ ಕೊನೆ ‘ಫಿಲಿನ್’ ಎಂದಿದ್ದರೆ ಈ ಮನೆತನದ್ದೇ: ಥಿಯೋಫಿಲಿನ್, ಇಟೋಫಿಲಿನ್, ಅಮಿನೋಫಿಲಿನ್, ಡಾಕ್ಸೋಫಿಲಿನ್, ಏಸ್‌ಬ್ರೋಫಿಲಿನ್. ಎಲ್ಲರಿಗೂ ಗೊತ್ತಿರುವ ಡೆರಿಫಿಲಿನ್ ಮಾತ್ರೆಯಲ್ಲಿ ಇಟೋಫಿಲಿನ್, ಥಿಯೋಫಿಲಿನ್ ಎರಡೂ ಇವೆ. ಇಬ್ಬರು ವೈದ್ಯರು ಬೇರೆ ಬೇರೆ ಹೆಸರಲ್ಲಿ ಬರೆದುಕೊಟ್ಟ ಎರಡು ಫಿಲಿನ್‌ಗಳು ಒಂದೇ ಡಬ್ಬಿಯಲ್ಲಿ ಕೂಡಿದರೆ ಪ್ರಮಾಣ ದುಪ್ಪಟ್ಟಾದಂತೆ. ಡಾಕ್ಸೋಫಿಲಿನ್ ಈ ಕಾಟಗಳಲ್ಲಿ ತುಸು ಸೌಮ್ಯ, ಆದರೆ ನಿರಪಾಯಕಾರಿ ಎಂದಲ್ಲ. ಏಸ್‌ಬ್ರೋಫಿಲಿನ್ ನನಗೆ ವಿಶೇಷ ಕುತೂಹಲದ್ದು: ಅದರಲ್ಲಿ ಥಿಯೋಫಿಲಿನ್ನಿನ ಸಂಬಂಧಿಯೊಂದಿಗೆ ಕಫ ಕರಗಿಸುವ ಆಂಬ್ರಾಕ್ಸಾಲ್ ಬೆರೆತಿದೆ. ಆಂಬ್ರಾಕ್ಸಾಲ್ ಹುಟ್ಟಿದ್ದು ಬ್ರೋಮ್‌ಹೆಕ್ಸಿನ್‌ನಿಂದ, ಬ್ರೋಮ್‌ಹೆಕ್ಸಿನ್ನಿಗೆ ಮಾದರಿಯಾದದ್ದು ನಮ್ಮ ಅಜ್ಜಿಯರು ಕಷಾಯ ಹಾಕುತ್ತಿದ್ದ ಆಡುಸೋಗೆ ಎಲೆಯ ಸತ್ವ. ಹಾಗಂತ ಆಡುಸೋಗೆ ಕಷಾಯ ಕುಡಿದು ಮಾತ್ರೆ ಬಿಡುವುದು ತಪ್ಪಾಗುತ್ತದೆ.

ದಮ್ಮಿನ ಮಾತ್ರೆಗಳಲ್ಲಿ ಇನ್ನೊಂದು ಕುಲ ಸಾಲ್ಬುಟಮಾಲ್, ಟರ್ಬುಟಲಿನ್‌ಗಳದು. ಸಾಲ್ಬುಟಮಾಲ್ ಇನ್‌ಹೇಲರಿನ ಒಂದು ಒತ್ತಿಗೆ 100 ಮೈಕ್ರೋಗ್ರಾಂ ಬರುತ್ತದೆ. ಒಂದು ಮಾತ್ರೆಯಲ್ಲಿ 4 ಮಿಲಿಗ್ರಾಂ, ಅಂದರೆ ನಲವತ್ತು ಒತ್ತಿಗೆ ಸಮ. ಇಷ್ಟು ಔಷಧ ಇಡೀ ಮೈಗೆ ಹರಡಿದರೆ ಕೈ ನಡುಗದೆ, ಎದೆ ಹೊಡೆದುಕೊಳ್ಳದೆ ಇರುತ್ತದೆಯೇ? ರಕ್ತದ ಪೊಟ್ಯಾಸಿಯಂ ಇಳಿಯುತ್ತದೆ, ಕಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ, ಮಧುಮೇಹವಿದ್ದರೆ ಸಕ್ಕರೆ ಏರುತ್ತದೆ. ನೀರಿಳಿಸುವ ಬಿಪಿ ಮಾತ್ರೆ ತೆಗೆದುಕೊಳ್ಳುವವರಲ್ಲಿ ಪೊಟ್ಯಾಸಿಯಂ ಇನ್ನೂ ಬೇಗ ಕುಸಿಯುತ್ತದೆ. ಕೆಮ್ಮಿನ ಅನೇಕ ಸಿರಪ್ಪುಗಳಲ್ಲಿ ಟರ್ಬುಟಲಿನ್ ಅಥವಾ ಸಾಲ್ಬುಟಮಾಲ್ ಇದ್ದೇ ಇರುತ್ತದೆ. ಮಾತ್ರೆ ನುಂಗಿ, ಕೆಮ್ಮಿಗೆಂದು ಸಿರಪ್ಪೂ ಕುಡಿದರೆ ಒಂದೇ ಮದ್ದು ಎರಡು ಬಾಗಿಲಿಂದ ಒಳಬಂದಂತಾಯಿತು. ಸಿರಪ್ಪನ್ನು ಅಡುಗೆಮನೆಯ ಚಮಚದಲ್ಲಿ ಅಳೆಯಬೇಡಿ, ಬಾಟಲಿಯ ಜೊತೆ ಬರುವ ಅಳತೆ ಮುಚ್ಚಳವೇ ಸರಿ.

ನುಂಗುವ ಕ್ರಮದಲ್ಲಿ ಮುಖ್ಯವಾದದ್ದು ಒಂದೇ. ಹೆಸರಿನ ಜೊತೆ ‘ರಿಟಾರ್ಡ್’, ‘ಎಸ್‌ಆರ್’ ಎಂದಿದ್ದರೆ ಅದು ಎಂಟು, ಹನ್ನೆರಡು ಗಂಟೆ ಸಣ್ಣಗೆ ಕರಗುವಂತೆ ಮಾಡಿದ ಮಾತ್ರೆ. ಪುಡಿ ಮಾಡಿದರೆ, ಅಗಿದರೆ ಅಷ್ಟೂ ಔಷಧ ಒಮ್ಮೆಗೇ ರಕ್ತಕ್ಕೆ ಸುರಿಯುತ್ತದೆ. ವಯಸ್ಸಾದವರಿಗೆ ನುಂಗಲಾಗದೆಂದು ಮನೆಯವರು ಪ್ರೀತಿಯಿಂದ ಪುಡಿ ಮಾಡಿ ಗಂಜಿಗೆ ಬೆರೆಸಿಕೊಡುವುದುಂಟು, ಅದೇ ಅಪಾಯ. ನುಂಗಲು ಕಷ್ಟವಾದರೆ ವೈದ್ಯರನ್ನು ಕೇಳಿ ಬೇರೆ ರೂಪಕ್ಕೆ ಬದಲಿಸಿಕೊಳ್ಳಿ. ಪ್ರತಿದಿನ ಒಂದೇ ಹೊತ್ತಿಗೆ, ಊಟದ ಮೊದಲೋ ನಂತರವೋ ಒಂದೇ ರೀತಿ. ಒಂದು ಹೊತ್ತು ಮರೆತು ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಟ್ಟುಬಿಡಿ, ಎರಡು ಸೇರಿಸಬೇಡಿ. ತಪ್ಪಿ ಹೆಚ್ಚು ನುಂಗಿದ್ದರೆ ‘ಏನೂ ಆಗಿಲ್ಲವಲ್ಲ’ ಎಂದು ಮಲಗಬೇಡಿ. ನಿಧಾನ ಕರಗುವ ಮಾತ್ರೆಯ ವಿಷ ಗಂಟೆಗಳ ನಂತರ ತಲೆಯೆತ್ತುತ್ತದೆ. ಮಾತ್ರೆಯ ಪಟ್ಟಿಯನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ. ಚಹಾ, ಕಾಫಿ ಪೂರ್ತಿ ಬಿಡಬೇಕಿಲ್ಲ, ದಿನಕ್ಕೆ ಎರಡಕ್ಕೆ ಇಳಿಸಿದರೆ ನಿದ್ದೆ ಉಳಿಯುತ್ತದೆ.

ಹೃದಯದ ಲಯದ ತೊಂದರೆ, ಫಿಟ್ಸ್, ಥೈರಾಯ್ಡ್ ಹೆಚ್ಚಿರುವುದು, ಹೊಟ್ಟೆಯ ಹುಣ್ಣು, ಗರ್ಭ, ಎದೆಹಾಲು ಇವುಗಳಲ್ಲಿ ಯಾವುದಿದ್ದರೂ ಮೊದಲೇ ಹೇಳಬೇಕು. ಕಣ್ಣಿನ ಒತ್ತಡಕ್ಕೆ ಹಾಕುವ ಟಿಮೊಲಾಲ್ ಹನಿಯನ್ನು ಹೇಳಲು ಎಲ್ಲರೂ ಮರೆಯುತ್ತಾರೆ. ಕಣ್ಣಿಗೆ ಹಾಕಿದ ಆ ಹನಿ ಶ್ವಾಸನಾಳ ಬಿಗಿಯಬಲ್ಲದು.

ಇಷ್ಟೆಲ್ಲ ಎಚ್ಚರ ಬೇಡುವ ಮದ್ದು ಇಂದಿಗೂ ಬೇಕೇ? ಬ್ರಿಟನ್ನಿನಲ್ಲಿ ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವ ಸಾವಿರದ ಐನೂರಕ್ಕೂ ಹೆಚ್ಚು ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಇನ್‌ಹೇಲರಿನ ಜೊತೆ ಕಡಿಮೆ ಪ್ರಮಾಣದ ಥಿಯೋಫಿಲಿನ್ ಕೊಟ್ಟದ್ದರಿಂದ ಕಾಯಿಲೆ ಉಲ್ಬಣಿಸುವುದು ಕಡಿಮೆಯಾಗಲಿಲ್ಲ. ಅಸ್ತಮಾಗೆ ಮೊದಲ ಮದ್ದು ಉರಿಯೂತ ತಗ್ಗಿಸುವ ಸ್ಟಿರಾಯ್ಡ್ ಇರುವ ಇನ್‌ಹೇಲರ್. ವರ್ಷಗಟ್ಟಲೆ ಮಾತ್ರೆಯಲ್ಲೇ ನಡೆಯುತ್ತಿರುವವರು ‘ನನಗೆ ಇನ್‌ಹೇಲರ್ ಆಗುತ್ತದೆಯೇ ಡಾಕ್ಟ್ರೇ?’ ಎಂದು ಒಮ್ಮೆ ಕೇಳಲೇಬೇಕು. ಕೇಳದೆ ಮಾತ್ರೆಯನ್ನು ತಾವಾಗಿ ನಿಲ್ಲಿಸುವುದೂ ಸಲ್ಲ.

ದಮ್ಮು ಏಕಾಏಕಿ ಹತ್ತಿದಾಗ ಮಾತ್ರೆ ಕೈಹಿಡಿಯದು. ರಕ್ತ ಸೇರಲು ಅದಕ್ಕೆ ಅರ್ಧ ಗಂಟೆ ಬೇಕು, ಸಾಲ್ಬುಟಮಾಲ್ ಇನ್‌ಹೇಲರಿಗೆ ಐದು ನಿಮಿಷ ಸಾಕು. ಬೆಂಗಳೂರಿನಿಂದ ಹೌರಾಕ್ಕೆ ರೈಲಿನಲ್ಲಿ ಒಂದು ದಿನಕ್ಕೂ ಮೀರಿದ ಹಾದಿ. ಇನ್‌ಹೇಲರ್ ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಲ್ಲ, ಮಾತ್ರೆ ಪಟ್ಟಿ ಮತ್ತು ವೈದ್ಯರ ಚೀಟಿಯ ಜೊತೆ ಕೈಚೀಲದಲ್ಲಿರಲಿ. ಇನ್‌ಹೇಲರಿನ ಬಾಯಿಗೆ ಜೋಡಿಸುವ ಸ್ಪೇಸರ್ ಕೊಳವೆ ಇಲ್ಲದಿದ್ದರೆ ಅರ್ಧ ಲೀಟರಿನ ನೀರಿನ ಬಾಟಲಿಯ ತಳದಲ್ಲಿ ಇನ್‌ಹೇಲರಿನ ಬಾಯಿ ಬಿಗಿಯಾಗಿ ಕೂರುವಷ್ಟು ತೂತು ಮಾಡಿ, ಬಾಟಲಿಯ ಬಾಯಿಯಿಂದ ಉಸಿರೆಳೆದರೆ ಅದೇ ಕೆಲಸ ನಡೆಯುತ್ತದೆ. 1999ರಲ್ಲಿ ದಕ್ಷಿಣ ಆಫ್ರಿಕಾದ ವೈದ್ಯರು ಮಕ್ಕಳಲ್ಲಿ ಇದನ್ನು ಪರೀಕ್ಷಿಸಿ ತೋರಿಸಿದ್ದಾರೆ. ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ದಮ್ಮು, ತುಟಿ ನೀಲಿಗಟ್ಟುವುದು, ಇನ್‌ಹೇಲರಿಗೆ ಬಗ್ಗದ ಉಬ್ಬಸ ಕಂಡರೆ ರೈಲಿನಲ್ಲಿ 139ಕ್ಕೆ, ಊರಿನಲ್ಲಿ 112ಕ್ಕೆ ಕರೆಮಾಡಿ, ನೆರವು ಬರುವ ತನಕ ರೋಗಿಯನ್ನು ಮಲಗಿಸದೆ ಮುಂದೆ ಬಾಗಿಸಿ ಕೂರಿಸಿ.