ನಿತ್ಯದ ಮಾತಿನಲ್ಲಿ ಅತಿಶಯೋಕ್ತಿ

ಲೋಕದ ಎಲ್ಲೆಯನ್ನು ಮೀರಿ ವಸ್ತುವಿನ ವಿಶೇಷವನ್ನು ಹೇಳಬಯಸುವುದೇ ಅತಿಶಯೋಕ್ತಿಯೆಂದು 'ಕಾವ್ಯಾದರ್ಶ'ದಲ್ಲಿ ದಂಡಿಯು ಲಕ್ಷಣ ಹೇಳಿ, ಅದನ್ನು ಉತ್ತಮಾಲಂಕಾರವೆಂದು ಎಣಿಸಿದ್ದಾನೆ. (ಇದನ್ನು 'ಉತ್ಪ್ರೇಕ್ಷೆ'ಯೆಂದು ಕರೆಯುವ ರೂಢಿಯುಂಟು; ಶಾಸ್ತ್ರದಲ್ಲಿ ಅದು ಬೇರೊಂದು ಅಲಂಕಾರ.) ಅಲಂಕಾರಶಾಸ್ತ್ರದ ಹೆಸರನ್ನೇ ಕೇಳದ ನಮ್ಮ ಜನರು ಇದನ್ನು ದಿನವೂ ಬಳಸುತ್ತಾರೆ. ಸಿದ್ಧಗಂಗೆಯ ಜಾತ್ರೆಯಿಂದ ಮರಳಿದವರು "ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ" ಎನ್ನುತ್ತಾರೆ. ತುಮಕೂರಿನ ಪೇಟೆಗೆ ಹೋಗಿಬಂದ ಗೃಹಿಣಿಗೆ ಬೆಲೆಗಳು ಆಕಾಶಕ್ಕೇರಿರುತ್ತವೆ. ಮನೆಯಲ್ಲಿ ಬೆಟ್ಟದಷ್ಟು ಕೆಲಸ. ಮಗನಿಗೆ ಸಾವಿರ ಸಲ ಹೇಳಿಯಾಗಿರುತ್ತದೆ. ಯಾರೂ ಎಣಿಸಹೋಗುವುದಿಲ್ಲ. ಆಡುವವರಿಗೂ ಕೇಳುವವರಿಗೂ ನಿಜದ ಅಳತೆ ಗೊತ್ತಿರುವುದರಿಂದಲೇ ಇದು ಸುಳ್ಳಲ್ಲ.

ಕುಣಿಗಲ್ಲಿನ ಕೆರೆಯನ್ನೇ ನೋಡಬಹುದು. ಗದ್ದೆಗಳಿಗೆ ನೀರುಣಿಸುವ ಆ ಕೆರೆಯನ್ನು 'ಮೂಡಲ ಕುಣಿಗಲ ಕೆರೆ' ಎಂಬ ಜನಪದ ಗೀತೆಯು ಚಂದ್ರೋದಯದೊಡನೆ ಒಂದು ವೈಭವವನ್ನಾಗಿ ಮಾಡಿದೆ. ಅದನ್ನು ಹಾಡುವ ರೈತನೇ ನಾಟಿಯ ಕಾಲದಲ್ಲಿ ನೀರು ಎಷ್ಟು ಅಡಿ ಇದೆಯೆಂದು ವಿಚಾರಿಸುತ್ತಾನೆ. ಎರಡು ಅಳತೆಗಳೂ ಅವನಲ್ಲಿ ಗೊಂದಲವಿಲ್ಲದೆ ಇರುತ್ತವೆ. ಗುಬ್ಬಿ ವೀರಣ್ಣನವರಾದರೋ ಈ ಅಂತರವನ್ನೇ ಅಳಿಸಿದರು: 'ಕುರುಕ್ಷೇತ್ರ' ನಾಟಕದ ರಂಗಕ್ಕೆ ನಿಜವಾದ ಆನೆ ಕುದುರೆಗಳನ್ನೇ ತಂದರು!

ಆದರೆ ಅತಿಶಯವನ್ನು ಹೊಗಳಿದ ದಂಡಿಯೇ ಅದಕ್ಕೊಂದು ಮೇರೆಯನ್ನೂ ಹಾಕಿದ್ದಾನೆ. ಲೌಕಿಕಾರ್ಥವನ್ನು ಮೀರದ ಮಾತಿನ ಚೆಲುವು 'ಕಾಂತಿ'. ಅದು ದಿನದ ಸಂಭಾಷಣೆಗೂ ವರ್ಣನೆಗೂ ಸಲ್ಲುವ ಗುಣ. ಮೀರಿದರೆ 'ಅತ್ಯುಕ್ತಿ'. ಅವನು ಕೊಡುವ ನಿದರ್ಶನವೂ ಮನೆಮಾತಿನದೇ. ತಪಸ್ವಿಯಾದ ಅತಿಥಿಯ ಪಾದಧೂಳಿಯಿಂದ ಮನೆಯು ಮನೆಯೆನಿಸಿತೆಂದರೆ ಕಾಂತಿ. ಅದೇ ಧೂಳಿಯಿಂದ ಮನೆ ದೇವಾಲಯಕ್ಕೆ ಸಮನಾಗಿ, ಪಾಪವೆಲ್ಲ ತೊಳೆದುಹೋಯಿತೆಂದರೆ ಅತ್ಯುಕ್ತಿ.

ನಮ್ಮ ಸಮಾರಂಭಗಳ ಭಾಷಣಕಾರರು ಈ ಭೇದವನ್ನು ಗಮನಿಸಬೇಕಾಗಿದೆ. 1941ರಲ್ಲಿ ಸಿದ್ಧಗಂಗಾಮಠದ ಹೊಣೆ ಹೊತ್ತು 2019ರಲ್ಲಿ ಲಿಂಗೈಕ್ಯರಾದ ಪೂಜ್ಯ ಶಿವಕುಮಾರ ಸ್ವಾಮಿಗಳನ್ನು ಜನರು 'ನಡೆದಾಡುವ ದೇವರು' ಎಂದರು. ಅದೂ ಅತಿಶಯವೇ, ಆದರೆ ಕಣ್ಣಾರೆ ಕಂಡವರ ಬಾಯಿಂದ ತಾನಾಗಿ ಹುಟ್ಟಿದುದು. ಅದರ ಮೇಲೆ ವೇದಿಕೆಯಲ್ಲಿ ಮೇರುವನ್ನೂ ಸಾಗರವನ್ನೂ ಪೇರಿಸುವುದು ಬೇರೆ ಮಾತು. ಅವರನ್ನು ಕಾಣದ ಪೀಳಿಗೆಯೊಂದು ಬೆಳೆಯುತ್ತಿದೆ. ನಿಜದ ಅಳತೆ ತಿಳಿಯದ ಆ ಮಕ್ಕಳು ಹೊಗಳಿಕೆಯನ್ನು ಅಕ್ಷರಶಃ ನಂಬುತ್ತಾರೆ, ಇಲ್ಲವೇ ಎಲ್ಲವನ್ನೂ ಕಟ್ಟುಕಥೆಯೆಂದು ತಳ್ಳಿಹಾಕುತ್ತಾರೆ. ಸುಮಾರು 10,000 ವಿದ್ಯಾರ್ಥಿಗಳು ಆ ಮಠದಲ್ಲಿ ನಿತ್ಯ ಉಣ್ಣುತ್ತಿದ್ದರು, ಅಲ್ಲಿಯೇ ಉಳಿದು ಓದುತ್ತಿದ್ದರು ಎಂಬುದನ್ನು ಯಾವ ವಿಶೇಷಣವೂ ಇಲ್ಲದೆ ಅವರಿಗೆ ಮೊದಲು ಹೇಳಬೇಕು.