ಅಂಚು ಕಪ್ಪಾದ ನಿಘಂಟು

ಮುಚ್ಚಿಟ್ಟ ನಿಘಂಟನ್ನು ಬದಿಯಿಂದ ನೋಡಿದರೆ ಯಾರು ಎಷ್ಟು ಓದಿದ್ದಾರೆಂಬುದು ತಿಳಿಯುತ್ತದೆ. ಸಿ, ಡಿ, ಪಿ, ಎಸ್ ಅಕ್ಷರಗಳ ಕಡೆ ಬೆರಳ ಜಿಡ್ಡು ಕೂತು ಅಂಚು ಕಪ್ಪಗಾಗಿದೆ. ಎಕ್ಸ್, ಝಡ್ ಕಡೆ ಹಾಳೆ ಇನ್ನೂ ಬೆಳ್ಳಗಿದೆ. ಹೋದ ಸೆಪ್ಟೆಂಬರಿನಲ್ಲಿ ಹಳೇ ಗೆಜೆಟಿಯರ್ ಹುಡುಕಿಕೊಂಡು ಮಾನಸಗಂಗೋತ್ರಿಯ ಗ್ರಂಥಾಲಯಕ್ಕೆ ಹೋದವನು, ಗೆಜೆಟಿಯರ್ ಮರೆತು ಈ ಅಂಚಿನ ಮುಂದೆಯೇ ಕೂತುಬಿಟ್ಟೆ.

ಎದುರು ಕೂತಿದ್ದವಳು ಪಿರಿಯಾಪಟ್ಟಣದ ಕಡೆಯ ಹುಡುಗಿ. ಅರ್ಥಶಾಸ್ತ್ರದ ಎಂ.ಎ. ಡಿಗ್ರಿವರೆಗೂ ಕನ್ನಡ ಮಾಧ್ಯಮ, ಇಲ್ಲಿ ಓದಬೇಕಾದದ್ದೆಲ್ಲ ಇಂಗ್ಲಿಷ್. ಇನ್ನೂರು ಪುಟದ ನೋಟ್‌ಬುಕ್ಕಿನ ನಡುವೆ ಸ್ಕೇಲಿನಿಂದ ಗೆರೆ ಎಳೆದು, ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ ಬರೆದುಕೊಳ್ಳುತ್ತಿದ್ದಳು. ಕೈಯಲ್ಲೇ ಫೋನ್ ಇದೆಯಲ್ಲಮ್ಮ ಎಂದೆ. 'ಡಿಪ್ರೆಷನ್' ಎಂದು ಹಾಕಿ ತೋರಿಸಿದಳು. ಫೋನು 'ಖಿನ್ನತೆ' ಎಂದಿತು. "1930ರ ದಶಕದಲ್ಲಿ ಅಮೆರಿಕಕ್ಕೆ ಖಿನ್ನತೆ ಬಂತು ಅಂತ ಬರೆಯಕ್ಕಾಗುತ್ತಾ ಸಾರ್?" ಆಗುವುದಿಲ್ಲ. ಅದು ಮುಗ್ಗಟ್ಟು. ಹವಾಮಾನದವರಿಗೆ ಅದೇ ಪದ ವಾಯುಭಾರ ಕುಸಿತ, ನೆಲ ನೋಡುವವನಿಗೆ ತಗ್ಗು. ಯಾವ ಕಡೆಯಿಂದ ಬಂದವನಿಗೆ ಯಾವ ಅರ್ಥ ಬೇಕು ಎಂದು ವಿಚಾರಿಸಿ ಕೊಡುವುದು ನಿಘಂಟು. ಮೈಸೂರು ವಿಶ್ವವಿದ್ಯಾನಿಲಯ ತನ್ನ ಇಂಗ್ಲಿಷ್–ಕನ್ನಡ ನಿಘಂಟನ್ನು ಮೊದಲು ಅಚ್ಚು ಹಾಕಿಸಿದ್ದು 1946ರಲ್ಲಿ. ಈ ವಿಶ್ವವಿದ್ಯಾನಿಲಯ ಹಳ್ಳಿ ಮಕ್ಕಳಿಗೆ ಮಾಡಿದ ದೊಡ್ಡ ಉಪಕಾರ ಅದೇ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಉಳಿದ ಚರಿತ್ರೆ ನಿಮಗೆ ಗೊತ್ತಿರುವುದೇ: 1916ರಲ್ಲಿ ವಿಶ್ವವಿದ್ಯಾನಿಲಯ, ಕುವೆಂಪು ಕುಲಪತಿಗಳಾಗಿದ್ದಾಗ ಮಾನಸಗಂಗೋತ್ರಿ. ಪ್ರತಿ ಓದುಗನಿಗೂ ಅವನ ಪುಸ್ತಕ ಎಂದು ಗ್ರಂಥಾಲಯ ವಿಜ್ಞಾನದ ಎಸ್.ಆರ್. ರಂಗನಾಥನ್ ಸೂತ್ರ ಹಾಕಿಕೊಟ್ಟದ್ದು 1931ರಲ್ಲಿ. ಓದುಗರನ್ನು ಪದವಿ, ಸ್ನಾತಕೋತ್ತರ, ಸಂಶೋಧನೆ ಎಂದು ವಿಂಗಡಿಸುವುದು ವಾಡಿಕೆ. ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ಆ ದಿನ ನಾನು ಕಂಡ ವಿಂಗಡಣೆಯೇ ಬೇರೆ.

ಗೋಡೆ ಬದಿಯ ಕುರ್ಚಿಗಳಲ್ಲಿ ಕೂತವರು ಕಪಾಟಿನ ಕಡೆ ತಿರುಗಿಯೂ ನೋಡಲಿಲ್ಲ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಗೈಡುಗಳು ಅವರ ಬ್ಯಾಗಿನಲ್ಲೇ ಇವೆ. ಅವರಿಗೆ ಬೇಕಾದದ್ದು ಕುರ್ಚಿ, ಫ್ಯಾನು, ಯಾರೂ ಕೂಗಿ ಕರೆಯದ ನಾಲ್ಕು ತಾಸು. ಇದನ್ನು ಗ್ರಂಥಾಲಯದ ದುರುಪಯೋಗ ಎನ್ನುವವರಿದ್ದಾರೆ, ಎಚ್.ಡಿ. ಕೋಟೆ ಕಡೆಯ ಒಂದೇ ಕೋಣೆಯ ಮನೆಯಲ್ಲಿ ಟಿವಿ ಪಕ್ಕ ಕೂತು ಓದಿದವರು ಹಾಗೆ ಅನ್ನಲಾರರು. ಇನ್ನು ಕೆಲವರು ಪತ್ರಿಕೆಯ ಉದ್ಯೋಗ ಪುಟ ಮುಗಿಸಿ ಹೊರಟರು. ಕೆ.ಆರ್. ನಗರದ ರೈಲು ಹಿಡಿಯುವವರು ಗಡಿಯಾರ ನೋಡುತ್ತಲೇ ಓದುತ್ತಿದ್ದರು. ಹುಣಸೂರು ಬಸ್ಸಿನ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಟಿಕೆಟ್ ಖರ್ಚಿಲ್ಲ. ಕ್ಲಾಸಿಲ್ಲದ ದಿನವೂ ಗ್ರಂಥಾಲಯಕ್ಕೆಂದೇ ಬರಲು ಮನೆಯಲ್ಲಿ ದುಡ್ಡು ಕೇಳಬೇಕಿಲ್ಲ ಎಂದಳು ನಿಘಂಟಿನ ಹುಡುಗಿ.

ಆದರೂ ಆ ತಿಂಗಳು ಅವಳು ಬಂದದ್ದು ಕೆಲವೇ ದಿನ. ಅವಳ ಊರಿನ ಹೊಗೆಸೊಪ್ಪಿನ ಸೀಮೆಯಲ್ಲಿ ಅದು ಸೊಪ್ಪು ಹದಮಾಡುವ ಬ್ಯಾರನ್ ಉರಿಯುವ ಕಾಲ. ಒಂದು ಬ್ಯಾರನ್ ಸೊಪ್ಪು ಹದವಾಗಲು ಐದಾರು ದಿನ ಬೇಕು, ರಾತ್ರಿಯೂ ಸೌದೆ ಹಾಕಬೇಕು, ಶಾಖ ಏರಿಳಿದರೆ ಎಲೆಯ ಬಣ್ಣ ಕೆಟ್ಟು ಹರಾಜಿನಲ್ಲಿ ರೇಟು ಬೀಳುತ್ತದೆ. ಮನೆಯವರು ಸರದಿಯಲ್ಲಿ ಎದ್ದಿರುತ್ತಾರೆ. ಬೆಳಗಿನ ಜಾವ ಇವಳ ಪಾಳಿ. ಬೆಂಕಿ ಮುಂದೆ ಕೂತು ಆ ನೋಟ್‌ಬುಕ್ಕಿನ ಬಲಗಡೆ ಮುಚ್ಚಿಕೊಂಡು ಎಡಗಡೆ ಓದುತ್ತಾಳಂತೆ. ಹಾಳೆಗೆ ಹೊಗೆಯ ವಾಸನೆ ಹತ್ತಿತ್ತು.

ವರ್ಷಕ್ಕೆ ಎಷ್ಟು ಪುಸ್ತಕ ಹೊರಹೋದವು ಎಂಬುದನ್ನೇ ಬಳಕೆಯ ಅಳತೆ ಮಾಡಿಕೊಂಡರೆ ಈ ಹುಡುಗಿ ಲೆಕ್ಕಕ್ಕೇ ಸಿಗುವುದಿಲ್ಲ, ನಿಘಂಟನ್ನು ಮನೆಗೆ ಕೊಡುವುದಿಲ್ಲವಲ್ಲ. ಕುರ್ಚಿಯವರೂ ಸಿಗುವುದಿಲ್ಲ. ಕಟ್ಟಡವನ್ನು ಹೆಚ್ಚು ಸವೆಸಿದವರು ಇವರೇ. ಆನ್‌ಲೈನ್ ಜರ್ನಲ್ಲುಗಳು ಬರಲಿ, ಬೇಡವೆನ್ನುವುದಿಲ್ಲ. ಅದರ ಜೊತೆಗೆ ಇನ್ನೆರಡು ನಿಘಂಟು ಮೇಜಿನ ಮೇಲೆ ಇರಲಿ, ರಾತ್ರಿ ಇನ್ನೊಂದು ತಾಸು ದೀಪ ಉರಿಯಲಿ.

ಮೂರೂವರೆಗೆ ಅವಳು ನೋಟ್‌ಬುಕ್ ಮುಚ್ಚಿದಳು. ಅಂದಿನ ಪದಗಳನ್ನು ಎಣಿಸಿ ಪುಟದ ಕೆಳಗೆ 31 ಎಂದು ಬರೆದಿದ್ದಳು. ನಿಘಂಟನ್ನು ತಳ್ಳಿ ನನ್ನ ಪಕ್ಕದ ಹುಡುಗನ ಕಡೆ ಸರಿಸಿದಳು; ಅವನು ಆಗಲೇ ಕೈ ಚಾಚಿದ್ದ.